ಹೆಸರಿಲ್ಲದ ಸಾಲು

ಆ ದಿನ ಬೆಳಿಗ್ಗೆ ಹಿಮ ಬೀಳಲಿಲ್ಲ. ಬೀಳುತ್ತೇನೆಂದು ಹೇಳಿ ಆಕಾಶದಲ್ಲೇ ನಿಂತುಬಿಟ್ಟಿತ್ತು. ತಾಶ್-ಬುಲಾಕ್ ಊರಿನ ಮೇಲೆ ಮೋಡ ಎಷ್ಟು ಕೆಳಗಿಳಿದಿತ್ತೆಂದರೆ, ಒಲೆಗಳ ಹೊಗೆ ಮೇಲೇರಲು ಜಾಗ ಸಿಗದೆ ಬೀದಿಯಲ್ಲೇ ಸುಳಿದಾಡುತ್ತಿತ್ತು. ಕುದುರೆಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಇಂಥ ಬೆಳಗನ್ನು ಕಂಡರೆ ಹಿರಿಯರು ಗಡ್ಡ ನೀವಿಕೊಂಡು, "ಘಾಟಿ ಇವತ್ತೋ ನಾಳೆಯೋ ಮುಚ್ಚುತ್ತೆ" ಎನ್ನುತ್ತಾರೆ.

ಅದೇ ದಿನ ದೇಶದ ಮೊಬೈಲ್ ನಂಬರುಗಳೆಲ್ಲ ಬದಲಾದವು.

ಒಂಬತ್ತು ಅಂಕಿಯ ನಂಬರು ಇನ್ನು ಮೇಲೆ ಹತ್ತು. ಒಂದು ಏಳು ಸೇರಿಸಿಕೊಳ್ಳಬೇಕು. ಇಷ್ಟೇ ಸುದ್ದಿ. ಆದರೆ ಸುದ್ದಿಯೆಂಬುದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕೈಬೀಸಿಕೊಂಡು ಹೋಗುವುದಿಲ್ಲ. ಹಳೆಯ ನಂಬರು ಸಂಜೆಗೆ ಸಾಯುತ್ತದೆ ಎಂದರು ಕೆಲವರು. ಏಳು ಸೇರಿಸದವರಿಗೆ ದಂಡ ಎಂದರು ಇನ್ನು ಕೆಲವರು. ಬೆಳಗಾಗುವಷ್ಟರಲ್ಲಿ ಬಸ್ ನಿಲ್ದಾಣದ ಪಕ್ಕದ ಪುಟ್ಟ ಫೋನ್ ಅಂಗಡಿಯ ಮುಂದೆ ಅರ್ಧ ಊರೇ ಸಾಲುಗಟ್ಟಿ ನಿಂತಿತ್ತು.

ಅಂಗಡಿಯಲ್ಲಿದ್ದವಳು ಜಿಪಾರ್. ರೀಚಾರ್ಜ್ ಮಾಡುವವಳೂ ಅವಳೇ, ಒಡೆದ ಫೋನ್ ಗಾಜು ಬದಲಿಸುವವಳೂ ಅವಳೇ.

"ಹನ್ನೊಂದು ವರ್ಷದಿಂದ ಇದೇ ನಂಬರು ಕಣಮ್ಮ. ಸರ್ಕಾರ ವಾಪಸ್ ಕಿತ್ಕೊಳ್ತಾ?" ಎಂದು ಮುದುಕನೊಬ್ಬ ಫೋನನ್ನು ಎದೆಗವಚಿಕೊಂಡು ಕೇಳಿದ.

"ಯಾರೂ ಕಿತ್ಕೊಳ್ಳಲ್ಲ ತಾತ. ಮುಂದೆ ಒಂದು ಏಳು ಹಾಕ್ತೀನಿ, ಅಷ್ಟೇ."

"ನನ್ನ ಕುದುರೆಗೂ ಒಂದು ಹಾಕಿಬಿಡು, ಹಾಗಾದ್ರೂ ನಡೆಯುತ್ತೇನೋ!"

ಹಿಂದಿದ್ದ ಹೆಂಗಸು ಬಗ್ಗಿ ಪಿಸುಗುಟ್ಟಿದಳು: "ತಂಗೀ, ನನ್ನ ಅಳಿಯನ ನಂಬರಿಗೆ ಮಾತ್ರ ಏನೂ ಸೇರಿಸಬೇಡ. ದೇವರೇ ಕೊಟ್ಟ ಅವಕಾಶ ಇದು."

ಸಾಲಿಗೆ ಸಾಲೇ ನಕ್ಕಿತು. ಜಿಪಾರ್ ಕೂಡ ನಕ್ಕಳು. ನಕ್ಕಾಗ ಅವಳ ತಲೆವಸ್ತ್ರದ ಅಂಚಿನಲ್ಲಿ ಎರಡು ಬೆಳ್ಳಿ ಓಲೆಗಳು ತೂಗಿದವು. ಒಂದೊಂದರ ತುದಿಯಲ್ಲೂ ಒಂದು ಹವಳ.

ಆ ಓಲೆಗಳು ಅವಳ ಕಿವಿಗೆ ಬಂದು ಇನ್ನೂ ಮೂರೇ ದಿನವಾಗಿತ್ತು. ಘಾಟಿಯ ಆಚೆ ಬದಿಯಿಂದ ಉಣ್ಣೆ ಮಾರಲು ಬಂದಿದ್ದಾಗ, ಜಿಪಾರಳ ಮನಸ್ಸಿನಲ್ಲಿದ್ದ ಹುಡುಗ ಎರ್ಮೆಕ್‌ನ ತಾಯಿ, ಅಂಗಡಿಯೊಳಗೆ ಬಂದು ಕೂತು, ಒಂದು ಬಟ್ಟಲು ಚಹಾ ಕುಡಿದು, ಮಾತಿಲ್ಲದೆ ಜಿಪಾರಳ ತಲೆವಸ್ತ್ರ ಸರಿಸಿ ತೊಡಿಸಿದ್ದಳು. ಆ ಸೀಮೆಯಲ್ಲಿ ಗಂಡಿನ ತಾಯಿ ಕಿವಿಗೆ ಓಲೆ ತೊಡಿಸಿದಳೆಂದರೆ ನಿಶ್ಚಯವಾದಂತೆ. ಆದರೆ ಆ ಮುದುಕಿ ದೊಡ್ಡ ಮನಸ್ಸಿನವಳು.

"ಹೆದರಬೇಡ ಮಗಳೇ," ಎಂದಿದ್ದಳು. "ನನ್ನ ಮಗ ಬಾಯಿಬಿಟ್ಟು ಕೇಳಲಿ, ನೀನು ಬಾಯಿಬಿಟ್ಟು ಹೇಳು. ಹೂಂ ಅಂದ್ರೆ ಇವು ನಿನ್ನವು. ಇಲ್ಲ ಅಂದ್ರೆ ವಸಂತದಲ್ಲಿ ಘಾಟಿ ತೆರೆದಾಗ ವಾಪಸ್ ಕಳಿಸು. ನನಗೇನೂ ಬೇಜಾರಿಲ್ಲ." ತನ್ನ ಹೂವಿನ ಕರವಸ್ತ್ರವನ್ನೂ ಬಿಟ್ಟು ಹೋಗಿದ್ದಳು, ಕಳಿಸುವುದಾದರೆ ಸುತ್ತಿ ಕಳಿಸಲೆಂದು.

ಆ ಸಂಜೆ ಜಿಪಾರಳ ಅಜ್ಜಿ ಕಾಲೀಪಾ ಮೊಮ್ಮಗಳ ಕಿವಿ ನೋಡಿ ಕಣ್ಣೊರೆಸಿಕೊಂಡು, ಆಮೇಲೆ ಬೆರಳೆತ್ತಿ ಎಚ್ಚರಿಸಿದ್ದಳು: "ಇನ್ನು ಅವನ ಹೆಸರು ಹಿಡಿದು ಕರೆಯೋ ಹಾಗಿಲ್ಲ. ಬರೆಯೋ ಹಾಗೂ ಇಲ್ಲ. ನಿಮ್ಮ ತಾತ ಹೋಗಿ ಒಂಬತ್ತು ವರ್ಷ ಆಯ್ತು, ಅವರ ಹೆಸರು ಇವತ್ತಿಗೂ ನನ್ನ ಬಾಯಲ್ಲಿ ಬಂದಿಲ್ಲ."

"ಮತ್ತೆ ಕರೀಬೇಕಾದ್ರೆ?"

"ಕೆಮ್ಮು."

ಜಿಪಾರ್ ಬಿದ್ದು ಬಿದ್ದು ನಕ್ಕಿದ್ದಳು. ಆದರೂ ಆಮೇಲೆ ಆ ಹೆಸರನ್ನು ಆಡಲಿಲ್ಲ. ಆಡದಿದ್ದಷ್ಟೂ ಅದು ಬಾಯೊಳಗೆ ಕಲ್ಲುಸಕ್ಕರೆಯಂತೆ ಕರಗುತ್ತಿತ್ತು.

ಹೊತ್ತೇರುತ್ತಿದ್ದಂತೆ ಎರ್ಮೆಕ್ ಬಂದ. ಘಾಟಿಯ ಮೇಲಿನ ರಸ್ತೆ ಕಾವಲು ಠಾಣೆಯಲ್ಲಿ ಹಿಮ ತಳ್ಳುವ ಬುಲ್ಡೋಜರ್ ಅವನದು. ಮಧ್ಯಾಹ್ನಕ್ಕೆ ಮೇಲೆ ಹೊರಟರೆ ವಸಂತದವರೆಗೆ ಇತ್ತ ಇಳಿಯುವಂತಿಲ್ಲ. ಎತ್ತರದ ಆಳು, ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಆಮೇಲೂ ತಲೆ ಎತ್ತಲಿಲ್ಲ.

ಜಿಪಾರ್ ಕೆಮ್ಮಿದಳು.

"ಶೀತ ಆಗಿದೆಯಾ?" ಎಂದ ಅವನು ಗಾಬರಿಯಾಗಿ.

"ಇಲ್ಲ. ನಿಮ್ಮನ್ನೇ ಕರೆದದ್ದು."

ಅವನು ಓಲೆಗಳನ್ನು ನೋಡಿದ. ನೋಡಿ, ನೋಡಬಾರದ್ದನ್ನು ನೋಡಿದವನಂತೆ ಕಣ್ಣನ್ನು ಮೇಜಿನ ಮೇಲಿಟ್ಟ, ಗೋಡೆಯ ಮೇಲಿಟ್ಟ, ಕೊನೆಗೆ ತನ್ನ ಕೈಯಲ್ಲಿದ್ದ ಫೋನಿನ ಮೇಲಿಟ್ಟ.

"ನಂಬರ್ ಸರಿ ಮಾಡಿಕೊಡು."

"ಯಾವ್ಯಾವುದು?"

"ನಿನ್ನದೊಂದೇ. ಉಳಿದವು ಹಾಗೇ ಇರಲಿ. ಠಾಣೆಯವರ ಹತ್ತಿರ ವೈರ್‌ಲೆಸ್ಸಲ್ಲಿ ಮಾತಾಡ್ತೀನಿ, ಅಮ್ಮನ ಹತ್ತಿರ ಫೋನೇ ಇಲ್ಲ. ಇನ್ಯಾರಿಗೆ ಮಾಡಲಿ?"

ಅವಳು ಅವನ ಫೋನು ತೆಗೆದುಕೊಂಡಳು. ಅದು ಅವನ ಅಂಗೈ ಶಾಖದಿಂದ ಬೆಚ್ಚಗಿತ್ತು. ತನ್ನದೇ ಹೆಸರಿನ ಎದುರಿದ್ದ ತನ್ನದೇ ನಂಬರಿನ ಮುಂದೆ, ತನ್ನದೇ ಬೆರಳಿನಿಂದ ಒಂದು ಏಳು ಒತ್ತಿದಳು.

"ಒಂದು ಮಾತು ಕೇಳಬೇಕಿತ್ತು," ಎಂದ ಅವನು ಸಣ್ಣ ದನಿಯಲ್ಲಿ.

"ಕೇಳಿ."

ಅವನು ಹಿಂತಿರುಗಿ ನೋಡಿದ. ಸಾಲಿನಲ್ಲಿದ್ದ ಇಪ್ಪತ್ತು ಜೊತೆ ಕಿವಿಗಳು ಒಮ್ಮೆಗೇ ಬೇರೆಲ್ಲೋ ಕೇಳುವಂತೆ ನಟಿಸಿದವು.

"ಶುಕ್ರವಾರ ಕೇಳ್ತೀನಿ. ಠಾಣೆ ಹಿಂದಿನ ದಿಬ್ಬ ಹತ್ತಿದ್ರೆ ಸಿಗ್ನಲ್ ಸಿಗುತ್ತೆ. ಪ್ರತಿ ಶುಕ್ರವಾರ, ಮಧ್ಯಾಹ್ನದ ನಮಾಜ್ ಆದ ಮೇಲೆ."

"ಒಂದು ಮಾತು ಕೇಳೋಕೆ ಎಷ್ಟು ಶುಕ್ರವಾರ ಬೇಕು?"

"ನನಗೆ ಮಾತು ಬರೋದು ನಿಧಾನ," ಎಂದು ಅವನು ಮೊದಲ ಬಾರಿಗೆ ನಕ್ಕ.

ಅವನು ಹೋದ ಸ್ವಲ್ಪ ಹೊತ್ತಿಗೆ ಕಂಪನಿಯಿಂದ ಸಂದೇಶ ಬಂತು. ಏಳು ಸೇರಿಸಬೇಕಾದದ್ದು ಮುಂದಲ್ಲ. ಮೊದಲ ಮೂರು ಅಂಕಿಗಳಾದ ಮೇಲೆ.

ಜಿಪಾರ್ ಸಂದೇಶವನ್ನು ಮತ್ತೊಮ್ಮೆ ಓದಿದಳು. ಬೆಳಗಿನಿಂದ ಮಾಡಿದ್ದೆಲ್ಲ ತಪ್ಪು. ರಟ್ಟಿನ ತುಂಡೊಂದನ್ನು ಎಳೆದುಕೊಂಡು ನೆನಪಿನಿಂದ ಪಟ್ಟಿ ಬರೆದಳು: ಯಾರ್‍ಯಾರನ್ನು ವಾಪಸ್ ಕರೆಸಬೇಕೋ ಅವರ ಹೆಸರು. ನಲವತ್ತಮೂರು ಹೆಸರು ಬಂದವು. ನಲವತ್ತನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಅಜ್ಜಿಯ ಬೆರಳು ನೆನಪಾಯಿತು. ತುಟಿಯಲ್ಲೇ ನಕ್ಕು, ಆ ಸಾಲನ್ನು ಖಾಲಿ ಬಿಟ್ಟು, ಬದಿಯಲ್ಲೊಂದು ಚುಕ್ಕೆ ಇಟ್ಟಳು. ಆ ಸಾಲು ಮರೆಯುವುದುಂಟೇ!

ಆಮೇಲೆ ಜನ ನುಗ್ಗಿದರು. ಬೈದವರೆಷ್ಟೋ, ನಕ್ಕವರೆಷ್ಟೋ. ಮಧ್ಯಾಹ್ನ ಹಿಮ ಸುರಿಯತೊಡಗಿತು. ಬುಲ್ಡೋಜರ್ ಘಾಟಿಯತ್ತ ಹೋದ ಸದ್ದು ಆ ಗಲಾಟೆಯಲ್ಲಿ ಅವಳಿಗೆ ಕೇಳಲಿಲ್ಲ. ಮರುದಿನ ಸಂಜೆ ಅಂಗಡಿಯ ಯಜಮಾನ ಬಂದು ರಟ್ಟು ಹಿಡಿದು ಒಂದೊಂದೇ ಹೆಸರು ಕೂಗಿದ. ಒಂದೊಂದಕ್ಕೂ ಅವಳು "ಆಯ್ತು" ಎಂದಳು. ನಲವತ್ತಮೂರು ಸಲ ಆಯ್ತು. ಖಾಲಿ ಸಾಲನ್ನು ಯಾರು ಕೂಗುತ್ತಾರೆ? ಅವನು ರಟ್ಟನ್ನು ಒಲೆಗೆ ಹಾಕಿದ. ಹಿಂದಿನ ರಾತ್ರಿ ಕಣ್ಣು ಮುಚ್ಚದ ಹುಡುಗಿ, ಎಲ್ಲ ಸರಿಯಾಯಿತಲ್ಲ ಎಂದು ದೇವರಿಗೆ ಕೈಮುಗಿದು ಮಲಗಿದಳು. ಮನುಷ್ಯನ ಮನಸ್ಸು ವಿಚಿತ್ರ. ಎಣಿಕೆ ಮುಗಿಯಿತೆಂದು ಒಮ್ಮೆ ಅಂದುಕೊಂಡರೆ ಮುಗಿಯಿತು. ಎಣಿಸದೆ ಬಿಟ್ಟದ್ದರ ಕಡೆ ಮತ್ತೆ ತಿರುಗುವುದಿಲ್ಲ.

ಶುಕ್ರವಾರ ಬಂತು. ಆ ಊರಿನಲ್ಲಿ ಶುಕ್ರವಾರ ಎಲ್ಲ ಮನೆಗಳಲ್ಲೂ ತೀರಿಹೋದ ಹಿರಿಯರ ನೆನಪಿಗೆ ಏಳು ರೊಟ್ಟಿ ಕರಿಯುತ್ತಾರೆ. ಎಣ್ಣೆಯ ಘಮದಲ್ಲಿ ಜಿಪಾರ್ ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಫೋನು ಬರಲಿಲ್ಲ.

ಮುಂದಿನ ಶುಕ್ರವಾರವೂ ಬರಲಿಲ್ಲ. ಅದರ ಮುಂದಿನದೂ.

"ಮೇಲೆ ಬಿರುಗಾಳಿ ಇರಬೇಕು," ಎಂದಳು ಅಜ್ಜಿ.

"ಇರಬೇಕು," ಎಂದಳು ಜಿಪಾರ್.

ಆಚೆ ಊರಿಗೆ ದಾರಿ ಮುಚ್ಚಿತ್ತು. ಠಾಣೆಗೆ ವೈರ್‌ಲೆಸ್ ಇತ್ತು ನಿಜ. ಆದರೆ ವೈರ್‌ಲೆಸ್ಸಿನಲ್ಲಿ ಆಡಿದ ಮಾತನ್ನು ಕಣಿವೆಯ ಲಾರಿಯವರೆಲ್ಲ ಕೇಳುತ್ತಾರೆ. ಒಮ್ಮೆ ವೈರ್‌ಲೆಸ್ ಇದ್ದ ಬಸ್ ನಿಲ್ದಾಣದ ಕಚೇರಿಯ ಬಾಗಿಲವರೆಗೂ ಹೋದಳು. ಒಳಗಿದ್ದವನು, "ಏನು ಜಿಪಾರ್, ಹಿಮಕ್ಕೇನಾದ್ರೂ ಸಂದೇಶ ಇದೆಯಾ?" ಎಂದು ಕಣ್ಣು ಮಿಟುಕಿಸಿದ. "ಬಸ್ಸು ಯಾವಾಗ ಅಂತ ಕೇಳೋಕೆ ಬಂದೆ" ಎಂದು ತಿರುಗಿ ಬಂದಳು.

ಫೆಬ್ರವರಿಯ ಒಂದು ಶುಕ್ರವಾರ, ರೊಟ್ಟಿ ಕರಿದಾದ ಮೇಲೆ, ಅಜ್ಜಿ ಮುಖ ನೋಡಲಾರದೆ ಹೇಳಿದಳು: "ನಮ್ಮ ಕಾಲ ಹೋಯ್ತು ಮಗಾ. ಹೆಣ್ಣು ಮೊದಲು ಕರೆದ್ರೆ ಬೆಟ್ಟ ಬೀಳಲ್ಲ. ನೀನೇ ಮಾಡು."

ಜಿಪಾರ್ ಮಾಡಿದಳು. ಆ ಕಡೆ ರಿಂಗ್ ಆಯಿತು. ಒಂದು. ಎರಡು. ಮೂರು.

ಆ ಕಡೆ ಯಾರೋ ಕರೆಯನ್ನು ಕತ್ತರಿಸಿದರು.

ನನ್ನ ಹೆಸರು ನೋಡಿಯೇ ಕತ್ತರಿಸಿದ, ಎಂದುಕೊಂಡಳು ಅವಳು. ಮತ್ತೆ ಮಾಡಲಿಲ್ಲ. ಓಲೆಗಳನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಅಜ್ಜಿ ಕೇಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಏಪ್ರಿಲ್ ಕೊನೆಗೆ ಘಾಟಿ ತೆರೆಯಿತು. ಹಿಮ ಕರಗಿದ ನೀರು ಬೀದಿಬದಿಯ ಕಾಲುವೆಗಳಲ್ಲಿ ಮಾತಾಡುತ್ತ ಹರಿಯುತ್ತಿದ್ದ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲಲ್ಲಿ ಎತ್ತರದ ನೆರಳೊಂದು ತಲೆ ತಗ್ಗಿಸಿತು. ಎರ್ಮೆಕ್ ಸೊರಗಿದ್ದ. ಹಿಮದ ಬಿಸಿಲಿಗೆ ಮುಖ ಕಪ್ಪಾಗಿ ಕಣ್ಣಿನ ಸುತ್ತ ಮಾತ್ರ ಬೆಳ್ಳಗಿತ್ತು.

ಜಿಪಾರ್ ಕೆಮ್ಮಲಿಲ್ಲ.

"ಹೇಗಿದೀಯ?" ಎಂದ.

"ದೇವರು ಇಟ್ಟ ಹಾಗೆ."

"ಮಾರ್ಚಿನಲ್ಲಿ ಆಚೆ ಬದಿಯ ದಾರಿ ತೆರೀತು. ಊರಿಗೆ ಹೋಗಿದ್ದೆ." ಅವನು ನಿಂತು ಮಾತನ್ನು ಹುಡುಕಿದ. "ಅಮ್ಮ ಮೀರಿಮ್ ಅಂತ ಒಬ್ಬಳಿಗೆ ಓಲೆ ತೊಡಿಸಿ ಬಂದ್ಳು. ಅಪ್ಪ ಇಲ್ಲದ ಹುಡುಗಿ. ಜೂನಿಗೆ ಮದುವೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ಬಂದೆ."

ಅವಳು ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರನ್ನು ನಿಧಾನವಾಗಿ ಕೆಳಗಿಟ್ಟಳು.

"ಒಳ್ಳೇದಾಗಲಿ. ಒಂದು ಫೋನ್ ಮಾಡಿ ಹೇಳಿದ್ರೂ ಆಗ್ತಿತ್ತು. ಇಷ್ಟು ದೂರ ಬರಬೇಕಿರಲಿಲ್ಲ."

ಅವನು ತಲೆಯೆತ್ತಿ ಅವಳನ್ನು ದಿಟ್ಟಿಸಿದ. "ನಾನು ಫೋನ್ ಮಾಡಲಿಲ್ವಾ?"

ಜೇಬಿನಿಂದ ಫೋನು ತೆಗೆದು ಅವಳ ಮುಂದಿಟ್ಟ. ಪರದೆಯ ಮೇಲೆ ಮಾಡಿದ ಕರೆಗಳ ಪಟ್ಟಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು: ಜಿಪಾರ್, ಜಿಪಾರ್, ಜಿಪಾರ್. ಹದಿನಾರು ಶುಕ್ರವಾರ.

"ಪ್ರತಿ ಸಲ ರಿಂಗ್ ಆಗ್ತಿತ್ತು. ನೀನು ಎತ್ತಲಿಲ್ಲ. ಹದಿನೇಳನೇದು ಮಾಡೋಕೆ ನಾಚಿಕೆ ಆಯ್ತು."

ಜಿಪಾರ್ ಹೆಸರನ್ನು ಒತ್ತಿ ನಂಬರು ನೋಡಿದಳು. ಎಲ್ಲಕ್ಕಿಂತ ಮುಂದೆ, ಮದುವೆ ಮೆರವಣಿಗೆಯಲ್ಲಿ ದಾರಿ ತಪ್ಪಿದ ಕುದುರೆಯಂತೆ, ಆ ಏಳು ನಿಂತಿತ್ತು.

ಅವಳ ಕಣ್ಣಿಗೆ ಒಂದು ರಟ್ಟು ಕಂಡಿತು. ಕೊನೆಯ ಖಾಲಿ ಸಾಲು. ಬದಿಯಲ್ಲಿ ಚುಕ್ಕೆ.

"ಇದು ನನ್ನ ನಂಬರಲ್ಲ," ಎಂದಳು. ದನಿ ಎಲ್ಲಿಂದಲೋ ಬಂದಂತಿತ್ತು. "ನಾನೇ ತಪ್ಪು ಹಾಕಿಕೊಟ್ಟೆ. ಆಮೇಲೆ ಎಲ್ಲರನ್ನೂ ಕರೆದು ಸರಿ ಮಾಡಿದೆ. ನಿಮ್ಮ ಹೆಸರೊಂದನ್ನ ಬರೀಲಿಲ್ಲ. ಬರೀಬಾರದು ಅಂತ... ಓಲೆ ಹಾಕಿದಾರಲ್ಲ ಅಂತ ಬರೀಲಿಲ್ಲ."

ಕಾಲುವೆಯ ನೀರಿನ ಸದ್ದು ಒಳಗೆ ಕೇಳುತ್ತಿತ್ತು.

"ಫೆಬ್ರವರಿಯಲ್ಲಿ ಒಂದು ಕರೆ ಬಂದಿತ್ತಾ? ನೀವು ದಿಬ್ಬದ ಮೇಲಿದ್ದಾಗ?"

"ಯಾವುದೋ ಗೊತ್ತಿಲ್ಲದ ನಂಬರು. ಆಗೆಲ್ಲ ದಿನಾ ಯಾರ್‍ಯಾರೋ ತಪ್ಪಿ ಮಾಡೋರು, ಎತ್ತಿದ್ರೆ ಯಾರದೋ ಅತ್ತೆ ಬೈಯೋಳು. ನಾನು ನಿನಗೆ ಮಾಡೋಕೆ ಹೊರಟಿದ್ದೆ, ಅದಕ್ಕೇ ಕಟ್..." ಆ ಗೊತ್ತಿಲ್ಲದ ನಂಬರು ಯಾರದೆಂದು ಅವನಿಗೆ ಈಗ ಹೊಳೆಯಿತು.

ಯಾವ ಪಟ್ಟಣದ ಯಾವ ಬೀಗ ಹಾಕಿದ ಕೋಣೆಯಲ್ಲಿ, ಯಾರೂ ಎತ್ತದ ಯಾವ ಫೋನು ಹದಿನಾರು ಶುಕ್ರವಾರ ರಿಂಗಾಯಿತೋ ದೇವರೇ ಬಲ್ಲ.

"ಇವತ್ತೇ ಹೋಗಿ ಅಮ್ಮನಿಗೆ ಹೇಳ್ತೀನಿ," ಎಂದ ಅವನು. "ಎಲ್ಲಾ ಹೇಳ್ತೀನಿ. ಅವಳು ಅರ್ಥ ಮಾಡ್ಕೋತಾಳೆ."

"ನಿಮ್ಮಮ್ಮ ಅರ್ಥ ಮಾಡ್ಕೋತಾರೆ. ಆ ಹುಡುಗಿ ಕಿವಿಯ ಓಲೆ ಯಾರು ಬಿಚ್ತಾರೆ? ನೀವಾ?"

ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವಳೂ ಈಗ ಯಾರ ಮುಂದೆಯೋ ಕೆಮ್ತಾ ಇರ್ತಾಳೆ," ಎಂದಳು ಜಿಪಾರ್. ನಗಲು ಹೋದಳು, ಅರ್ಧ ನಗು ಮಾತ್ರ ಬಂತು. "ನನ್ನ ತಪ್ಪಿಗೆ ಅವಳ ತಲೆ ಯಾಕೆ ತಗ್ಗಬೇಕು?"

ಅವನು ಕೇಳಿದ, "ಫೋನ್ ಎತ್ತಿದ್ದಿದ್ರೆ... ಏನು ಹೇಳ್ತಿದ್ದೆ?"

"ಹೂಂ ಅಂತ. ನೀವು ಕೇಳಿ ಮುಗಿಸೋಕೆ ಮುಂಚೆಯೇ. ನಿಮಗೆ ಮಾತು ಬರೋದು ನಿಧಾನ ಅಲ್ವಾ."

ಅವನು ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜಗಳನ್ನು ನೋಡಬಾರದೆಂದು ಅವಳು ಫೋನಿನ ಕಡೆ ಬಗ್ಗಿದಳು. ಮುಂದಿದ್ದ ಏಳನ್ನು ಅಳಿಸಿದಳು. ಮೂರು ಅಂಕಿ ದಾಟಿ, ಅದು ಇರಬೇಕಾದ ಜಾಗದಲ್ಲಿ ಇಟ್ಟಳು. ಆ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಕೆಲಸ ಅದು.

ಆಮೇಲೆ ತಲೆವಸ್ತ್ರ ಸರಿಸಿ ಎಡಗಿವಿಯದು ತೆಗೆದಳು, ಬಲಗಿವಿಯದು ತೆಗೆದಳು. ಮೇಜಿನ ಖಾನೆಯಲ್ಲಿ ಐದು ತಿಂಗಳಿಂದ ಮಡಿಸಿಟ್ಟಿದ್ದ ಹೂವಿನ ಕರವಸ್ತ್ರ ಹಾಗೇ ಇತ್ತು. ಓಲೆಗಳನ್ನು ಅದರ ನಡುವಿಟ್ಟು ನಾಲ್ಕೂ ಅಂಚು ಮಡಿಸಿದಳು.

"ಅಮ್ಮ ಇವನ್ನ ವಾಪಸ್ ಕೇಳಲಿಲ್ಲ," ಎಂದ ಅವನು. "ನಿನ್ನ ಹತ್ರಾನೇ ಇರಲಿ ಅಂದ್ಳು."

ಅವಳು ತಲೆಯಾಡಿಸಿದಳು. ವಸಂತ ಬಂದಿತ್ತು, ಘಾಟಿ ತೆರೆದಿತ್ತು, ಮಾತು ಮಾತೇ.

"ತಗೊಳ್ಳಿ, ಎರ್ಮೆಕ್," ಎಂದಳು.

ಹೆಸರು ಕೇಳಿ ಅವನು ತಿರುಗಿದ. ಅವಳು ಕಿವಿಯ ಬಿಸಿ ಇನ್ನೂ ಆರದ ಆ ಪುಟ್ಟ ಗಂಟನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿದಳು.