ಚಕ್ರದಡಿಯ ಕಲ್ಲು

ಆ ಹಳೇ ಪಿಕಪ್ ತಗೊಂಡ ಮೇಲೆ ನನಗೆ ಸಾಕುಸಾಕಾಗಿತ್ತು. ಒಂದು ರಿಪೇರಿ ಮುಗಿಯೋದರೊಳಗೆ ಇನ್ನೊಂದು. ಹ್ಯಾಂಡ್‌ಬ್ರೇಕಂತೂ ಹಿಡೀತಾನೇ ಇರಲಿಲ್ಲ. ಮನೆ ಮುಂದಿನ ಇಳಿಜಾರಲ್ಲಿ ನಿಲ್ಲಿಸಿದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಒಂದು ಸಂಜೆ ಸುಸ್ತಾಗಿ, ಕಲ್ಲಿಡೋದು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಕಲ್ಲು ಚಕ್ರದಡಿ ಇತ್ತು. ಮುಟ್ಟಿದೆ. ಯಾರೋ ಆಗಷ್ಟೇ ಕೈಯಿಂದ ಇಳಿಸಿದ ಹಾಗೆ ಬೆಚ್ಚಗಿತ್ತು.

"ನೀನಿಟ್ಟೆಯಾ?" ಅಂತ ಹೆಂಡತಿಯನ್ನು ಕೇಳಿದೆ.

"ಆ ಗಾಡಿ ಸಹವಾಸವೇ ಬೇಡ ಅಂದೋಳು ನಾನು. ನಾನ್ಯಾಕೆ ಮುಟ್ಟಲಿ?"

ಆಮೇಲೆ ದಿನಾ ಹಾಗೇ ಆಯ್ತು. ದಣಿದವನಿಗೆ ಪುಕ್ಕಟೆ ಸಹಾಯ, ಯಾಕೆ ಬೇಡ ಅನ್ನಲಿ ಅಂತ ಸುಮ್ಮನಾದೆ.

ಕೊನೆಗೆ ಮೆಕ್ಯಾನಿಕ್ ಬ್ರೇಕ್ ಸರಿಮಾಡಿದ. "ಇನ್ನು ಕಲ್ಲು ಬೇಡಣ್ಣ" ಅಂದ. ಗಾಡಿಯಲ್ಲಿ ಹಾಕ್ಕೊಂಡು ಹೋಗಿದ್ದ ಕಲ್ಲನ್ನು ಅವನ ಶೆಡ್ಡಲ್ಲೇ ಬಿಟ್ಟು ಬಂದೆ.

ಮರುದಿನ ಗಾಡಿಯ ಬೀಗ ತೆಗೆದೆ. ಕಲ್ಲು ನನ್ನ ಸೀಟಿನ ಮೇಲಿತ್ತು. ಬೆಚ್ಚಗಿತ್ತು.