ಅಳಿಸಿದ ಏಳು ಸ್ಕ್ರ್ಯಾಪುಗಳು

ಏಳನೇ ಸಲವೂ ಅದೇ ಪ್ರಶ್ನೆ. ‘ಹಂಸಾ, ನನ್ನ ಮದುವೆ ಆಗ್ತೀಯಾ?’

ಅದೂ ಎಲ್ಲರೂ ಓದುವ ಅವಳ ಆರ್ಕುಟ್ ಪುಟದಲ್ಲಿ, ಅವಳು ಮೆಚ್ಚಿದ ಅನೂಪ್ ಬರೆದ ಸ್ಕ್ರ್ಯಾಪ್ ಸಂದೇಶ! ಪಕ್ಕದ ಸೀಟಿನ, ಕನ್ನಡ ಬಲ್ಲ ಮೋನಿಷಾ ಹಿಂದಿಯಲ್ಲಿ ಅರ್ಥ ಹೇಳಿ ಇಡೀ ಗುರ್‌ಗಾಂವ್ ಆಫೀಸನ್ನು ನಗಿಸಿದ್ದಳು. ಹಂಸಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಿಂದಿನ ಆರರಂತೆ ಇದನ್ನೂ ಅಳಿಸಿಹಾಕಿದಳು.

ಎದುರಿಗೆ ನಿಂತು ಕೇಳಿದ್ದರೆ ಮೊದಲ ದಿನವೇ ಹೌದು ಎನ್ನುತ್ತಿದ್ದಳು. ಫೋನಿನಲ್ಲಿ ಮಾತ್ರ ಅನೂಪ್ ಈ ವಿಷಯ ಎತ್ತುತ್ತಲೇ ಇರಲಿಲ್ಲ. ತಮಾಷೆಗೂ ಒಂದು ಮಿತಿ ಬೇಡವೇ? ಭಾನುವಾರ ಬೆಳಿಗ್ಗೆ ದೆಹಲಿಯ ಕಿದ್ವಾಯಿ ನಗರದ ಅವನ ಕ್ವಾರ್ಟರ್ಸಿಗೆ ಜಗಳಕ್ಕೆಂದೇ ಹೋದಳು.

ಬೈಕಿನಿಂದ ಬಿದ್ದು ಅವನ ತಲೆಗೆ ಪೆಟ್ಟಾಗಿ ಐದು ತಿಂಗಳು. ಹೊಲಿಗೆಯ ಮೇಲೆ ಕೂದಲು ಬೆಳೆದಿತ್ತು. ವಾಸಿಯಾಯಿತೆಂದೇ ಎಲ್ಲರೂ ನಂಬಿದ್ದರು, ಹಂಸಾಳೂ.

ಅವನ ತಾಯಿ ಲೀಲಾವತಿ ಬಾಗಿಲು ತೆಗೆದರು. ಪರದೆ ಎಳೆದ ಕೋಣೆಯಲ್ಲಿ ಅನೂಪ್ ಕಂಪ್ಯೂಟರಿನ ಮುಂದೆ ಕೂತಿದ್ದ. ಮಾನಿಟರಿಗೆ ಕಪ್ಪು ರಟ್ಟು ಅಂಟಿಸಿ, ಒಂದೇ ಸಾಲು ಕಾಣುವಷ್ಟು ಸೀಳಿದ್ದರು.

“ಫ್ರೆಂಡ್ಸ್ ಕಳಿಸೋ ಮಿನುಗೋ ಚಿತ್ರ ಕಣ್ಣಿಗೆ ಬಿದ್ರೆ ವಾಂತಿ ಮಾಡ್ಕೋತಾನಮ್ಮ,” ಎಂದರು ಲೀಲಾವತಿ. “ಆದ್ರೂ ನಿನ್ನ ಪುಟ ನೋಡೋದು ಬಿಡಲ್ಲ.”

ಪಕ್ಕದಲ್ಲಿ, ಮರೆವಿಗೆಂದು ಡಾಕ್ಟರು ಬರೆಯಲು ಹೇಳಿದ ನೋಟ್‌ಬುಕ್. ‘ಹಂಸಾಳನ್ನು ಕೇಳಬೇಕು. ಕೇಳಿದೆನಾ? ಅವಳ ಪುಟ ನೋಡು.’

ಹಂಸಾ ಅದನ್ನು ಮತ್ತೊಮ್ಮೆ ಓದಿದಳು. ಅವನು ಪ್ರತಿಸಲವೂ ನೋಡಿದ್ದ. ಅಲ್ಲಿ ಏನೂ ಇರಲಿಲ್ಲ, ಹಾಗಾಗಿ ಮತ್ತೆ ಕೇಳಿದ್ದ. ಅಳಿಸಿದವಳು ತಾನೇ.

“ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು,” ಎಂದ ಅನೂಪ್, ಕಣ್ಣು ಕಿರಿದು ಮಾಡಿ ನಗುತ್ತಾ. “ಕೇಳ್ಬಿಟ್ನಾ?”

“ಏಳು ಸಲ.”

ಅವನ ನಗು ಇಳಿದುಹೋಯಿತು. “ನೋಡಿದ್ಯಾ? ಇಂಥವನ ಜೊತೆ ನಿನಗ್ಯಾಕೆ? ಬೇಡ ಹಂಸಾ.”

“ಪ್ರಶ್ನೆ ನಿಂದು, ಸರಿ. ಉತ್ತರ ನಂದು.” ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಅವನ ಪುಟದಲ್ಲಿ ಮಿನುಗುತ್ತಿದ್ದುದನ್ನೆಲ್ಲ ಒಂದೊಂದಾಗಿ ಅಳಿಸಿದಳು. ಆಮೇಲೆ ತನ್ನ ಹೆಸರಿನಲ್ಲಿ ಲಾಗಿನ್ ಆಗಿ, ಆ ಖಾಲಿ ಪುಟದಲ್ಲಿ ಒಂದೇ ಸಾಲು ಬರೆದಳು: ‘ನೀನು ಕೇಳಿದೆ, ನಾನು ಹೌದು ಅಂದೆ.’

ರಟ್ಟಿನ ಸೀಳಿನಲ್ಲಿ ಅವನು ನಿಧಾನವಾಗಿ ಓದಿದ. “ನಾಳೆ ಇದನ್ನೂ ಮರೆತರೆ?”

“ಪುಟ ತೆಗೆದು ನೋಡು. ಇದನ್ನ ಯಾರೂ ಅಳಿಸಲ್ಲ.”

ಸೋಮವಾರ ಆಫೀಸಿಗೆ ಬಂದೊಡನೆ ಹಂಸಾ ತನ್ನ ಪುಟ ತೆರೆದಳು. ಅದೇ ಪ್ರಶ್ನೆಯಿದ್ದರೆ ಮತ್ತೊಮ್ಮೆ ಹೌದೆನ್ನಲು ಸಿದ್ಧಳಾಗಿದ್ದಳು.

ಅಲ್ಲಿ ಹೊಸ ಸಾಲೊಂದಿತ್ತು. ‘ಓದಿದೆ. ಮದುವೆ ಯಾವಾಗ?’

ಮೋನಿಷಾ ಇಣುಕಿ ನೋಡಿದಳು. ಹಂಸಾ ಅಳಿಸಲಿಲ್ಲ.