ಮೇಲ್ಮನವಿ ಕಡತದ ಒಂದು ಸಾಲು

ಎಮ್ನಾ ಕಡತದಿಂದ ತಲೆ ಎತ್ತಲಿಲ್ಲ. ಎತ್ತಿದರೆ ಮುಗಿಯಿತು, ಬಾಗಿಲಲ್ಲಿ ಹೈಥಮ್ ನಿಂತಿದ್ದ.

"ಲಲ್ಲಾ ಎಮ್ನಾ, ಇವತ್ತೂ ನನ್ನ ಮುಖ ನೋಡಲ್ವಾ?"

ಅವನ ಮರ್ಯಾದೆಯ 'ಲಲ್ಲಾ'ಗೆ ಅವಳೂ ಮರ್ಯಾದೆಯ 'ಸೀ' ಸೇರಿಸಿದಳು. "ವಿಚಾರಣೆಗೆ ಇನ್ನೂ ಹತ್ತು ನಿಮಿಷ ಇದೆ, ಸೀ ಹೈಥಮ್. ಹೊರಗೆ ಕೂತ್ಕೊಳ್ಳಿ."

"ಹೊರಗಿನ ಬೆಂಚು ಅಲ್ಲಾಡುತ್ತೆ. ಯಾವ ಪುಣ್ಯಾತ್ಮ ಮಾಡಿದ್ದೋ! ನನಗೆ ಕೊಟ್ಟಿದ್ರೆ..."

"ಟೆಂಡರ್ ಹಾಕಿ," ಎಂದುಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು. ಟೆಂಡರ್ ಹಾಕುವ ಹಕ್ಕೇ ಅವನಿಗಿರಲಿಲ್ಲ.

ಟ್ಯೂನಿಸ್‌ನ ಅಂಚಿನಲ್ಲಿ ಅವನದೊಂದು ಬಡಗಿ ಶೆಡ್ಡು. ಹನ್ನೊಂದು ಜನ ಸೇರಿ ಶಾಲೆಯ ಬೆಂಚು ಮಾಡುತ್ತಾರೆ. ಪ್ರವಾದಿಗಳ ಹುಟ್ಟುಹಬ್ಬಕ್ಕೆ ಅವನ ತಾಯಿ ಎಂದಿನಂತೆ ನೆರೆಯವರಿಗೆಲ್ಲ ಅಸೀದಾ ಕಳಿಸಿದ್ದರು. ಪೈನ್ ಬೀಜ ಅರೆದು ಮಾಡಿದ ಸಿಹಿ, ಮೇಲೆ ಕೆನೆ, ಬಾದಾಮಿ. ಮೇಲಿನ ಮನೆಯವನು ಬೆಂಚಿನ ಟೆಂಡರ್ ಸಮಿತಿಯಲ್ಲಿದ್ದಾನೆಂಬುದು ಆ ಮುದುಕಿಗೆ ಹೊಳೆಯಲೇ ಇಲ್ಲ. ಬಂದ ಬಟ್ಟಲನ್ನು ಖಾಲಿ ಕಳಿಸಬಾರದಲ್ಲ, ಆ ಮನೆಯಾಕೆ ತನ್ನ ಅಸೀದಾ ತುಂಬಿ ಹಿಂದಿರುಗಿಸಿದಳು. ಅದೂ ಟೆಂಡರ್ ತೆರೆಯುವ ವಾರವೇ! ಯಾರೋ ಫೋಟೋ ಸಮೇತ ದೂರು ಕೊಟ್ಟರು. ಇಲಾಖೆಯ ಜಾಣತನ ನೋಡಿ, ಉಡುಗೊರೆಯ ವಿನಿಮಯ ಎಂದು ಹೈಥಮ್‌ನನ್ನು ಮೂರು ವರ್ಷ ಕಪ್ಪುಪಟ್ಟಿಗೆ ಸೇರಿಸಿತು. ಅವನು ಮೇಲ್ಮನವಿ ಹಾಕಿದ. ಅದನ್ನು ಓದಿ ಮರುಪರಿಶೀಲನಾ ಸಮಿತಿಗೆ ಅಭಿಪ್ರಾಯ ಬರೆಯುವ ಕೆಲಸ ಎಮ್ನಾಳ ಪಾಲಿಗೆ ಬಂತು.

ಹಬ್ಬದ ಅಸೀದಾ ಲಂಚವಲ್ಲ, ನಿಷೇಧ ರದ್ದಾಗಲಿ ಎಂದು ಪ್ರಾಮಾಣಿಕವಾಗಿಯೇ ಬರೆದಿದ್ದಳು. ಆದರೆ ದಾಖಲೆ ಕೊಡುವ ನೆಪದಲ್ಲಿ ವಾರಕ್ಕೊಮ್ಮೆಯಂತೆ ಆರು ಸಲ ಬಂದವನು ಏಳನೆಯ ವಾರ ಬರದಿದ್ದಾಗ ಅವಳಿಗೆ ಊಟವೇ ಸೇರಲಿಲ್ಲ. ಪ್ರೀತಿಯೆಂದರೆ ಇನ್ನೇನು?

'ಅರ್ಜಿದಾರರೊಂದಿಗೆ ನನಗೆ ನೆಂಟಸ್ತಿಕೆ, ಸ್ನೇಹ, ದ್ವೇಷ ಯಾವುದೂ ಇಲ್ಲ.' ಈ ಹಾಳೆಗೆ ಈಗ ಸಹಿ ಹಾಕಬೇಕು. ಹಾಕಿದರೆ ಅವನು ಗೆಲ್ಲುತ್ತಾನೆ. ಹಾಕದಿದ್ದರೆ ಅವಳ ಅಭಿಪ್ರಾಯ ಕಸದ ಬುಟ್ಟಿಗೆ, ವಿಚಾರಣೆ ತಿಂಗಳು ಮುಂದಕ್ಕೆ. ಅಷ್ಟರಲ್ಲಿ ಬೆಂಚಿನ ಮುಂದಿನ ಟೆಂಡರ್ ಬೇರೆಯವರ ಪಾಲಾಗಿರುತ್ತದೆ. ಅವಳು ಪೆನ್ನು ತೆರೆದಳು. ಸಹಿಯ ಜಾಗದಲ್ಲಿ ಒಂದು ಸಾಲು ಬರೆದಳು.

ವಿಚಾರಣೆ ಶುರುವಾದಾಗ ಅಧ್ಯಕ್ಷ ಸೀ ತಿಜಾನಿ ಆ ಹಾಳೆಯನ್ನು ಎರಡು ಸಲ ಓದಿದರು. "ಏನಮ್ಮಾ ಇದು? ಜೋರಾಗಿ ಓದ್ಲಾ?"

"ಓದ್ಲೇಬೇಕಲ್ಲ, ನಿಯಮ ಇದೆ."

"'ಅರ್ಜಿದಾರರ ಮೇಲೆ ನನಗೆ ಮನಸ್ಸಿದೆ. ಈ ಕಡತದಿಂದ ನನ್ನನ್ನು ಬಿಡಿಸಿ.'"

ಹೈಥಮ್‌ನ ಮುಖ ಬಿಳಿಚಿಕೊಂಡಿತು. "ಯಾಕ್ರೀ ಬರೆದ್ರಿ? ನನ್ನ ಶೆಡ್ಡಿನ ಹುಡುಗರ ಗತಿ ಏನು?"

"ಮುಚ್ಚಿಟ್ಟು ನಿಮ್ಮನ್ನ ಗೆಲ್ಲಿಸಿದ್ರೆ ಆ ದೂರು ನಿಜ ಆಗ್ತಿತ್ತು."

ಅವನು ತನ್ನನ್ನು ಎಂದಿಗೂ ಕ್ಷಮಿಸಲಾರ ಎಂದುಕೊಂಡಳು ಎಮ್ನಾ.

"ನೋಡಿ ಸೀ ಹೈಥಮ್," ಎಂದರು ಅಧ್ಯಕ್ಷರು, "ಇವರನ್ನ ಬಿಡಿಸೋದಕ್ಕೆ ನೀವು ಆಕ್ಷೇಪಿಸಿದ್ರೆ ಇವರನ್ನೇ ಮುಂದುವರಿಸೋ ಅಧಿಕಾರ ನನಗಿದೆ. ಇವತ್ತೇ ತೀರ್ಮಾನ ಆಗುತ್ತೆ. ಏನಂತೀರಿ?"

ಎಮ್ನಾ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಅವನೂ ಕಣ್ಣು ಕದಲಿಸಲಿಲ್ಲ.

"ಆಕ್ಷೇಪಣೆ ಇಲ್ಲ, ಬಿಡಿಸಿ," ಎಂದ ಕೊನೆಗೆ. "ಅವರು ಬರೆದಿದ್ದು ದಾಖಲೆಯಲ್ಲಿ ಉಳಿಯುತ್ತಾ?"

"ಉಳೀಲೇಬೇಕು."

"ಹಾಗಾದ್ರೆ ಅದರ ಕೆಳಗೆ ನನ್ನದೂ ಬರ್ಕೊಳ್ಳಿ. ಅರ್ಜಿದಾರನಿಗೂ ಹಾಗೇ ಇದೆ."

ನಡಾವಳಿ ಬರೆಯುತ್ತಿದ್ದ ಗುಮಾಸ್ತೆ ಏನು ಮಾಡಲೆಂದು ತೋಚದೆ ಅಧ್ಯಕ್ಷರ ಕಡೆ ನೋಡಿದಳು.

"ಬರ್ಕೊಳ್ಳಮ್ಮಾ," ಎಂದರು ಸೀ ತಿಜಾನಿ. "ಇಬ್ಬರ ಸಹೀನೂ ತಗೋ."